ಏಳನೇ ತಟ್ಟೆ

ನಲಿನಿ ಮೇಡ್ಲೇರಿಯ ಪಶು ಆಸ್ಪತ್ರೆಗೆ ಬಂದು ಹನ್ನೊಂದು ವರ್ಷವಾಗಿತ್ತು. ರಾಣೆಬೆನ್ನೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ಈ ಡಾಕ್ಟರ್ ಅಕ್ಕನ ಕೈಗುಣ ದೊಡ್ಡದು ಎಂದು ಹೊಳೆಸಾಲಿನ ಊರುಗಳಲ್ಲೆಲ್ಲ ಹೆಸರಾಗಿತ್ತು. ಯಾರಾದರೂ ಎದುರಿಗೇ ಹಾಗಂದರೆ 'ಏನಿಲ್ಲ ಬಿಡ್ರಿ' ಎನ್ನುತ್ತಿದ್ದಳು. ಒಳಗೊಳಗೆ ಹಿತವಾಗುತ್ತಿತ್ತು.

ಹಾವೇರಿಯಲ್ಲಿ ಕೆಚ್ಚಲು ಬಾವಿನ ಬಗ್ಗೆ ಪಶುವೈದ್ಯರಿಗೆ ಮೂರು ದಿನದ ತರಬೇತಿ ಇದೆ ಎಂದು ಪತ್ರ ಬಂದಾಗ ಆಕೆಗೆ ನಗು ಬಂತು. ಕೆಚ್ಚಲು ಬಾವು! ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅದಕ್ಕಿಂತ ಹೆಚ್ಚು ನೋಡಿದ ರೋಗ ಇನ್ನಾವುದಿದೆ? ವಾಸಿಯಾಗದೆ ಕಾಡುವ ಒಂದು ದನದ ಹಾಲನ್ನು ಶುದ್ಧ ಬಾಟಲಿಯಲ್ಲಿ, ಮಂಜುಗಡ್ಡೆಯ ಮೇಲಿಟ್ಟು ತರಬೇಕು ಎಂದೂ ಅದರಲ್ಲಿ ಬರೆದಿತ್ತು.

ಆಕೆಗೆ ಮೇಡ್ಲೇರಿಯ ರೈತ ತಿರಕಪ್ಪನ ಆಕಳು ನೆನಪಾಯಿತು. ಹೋದ ವರ್ಷ ಅದರ ಒಂದು ಮೊಲೆ ಬಾತು, ಸೂಜಿಯ ಮೇಲೆ ಸೂಜಿ ಚುಚ್ಚಿದರೂ ಇಳಿಯದೆ, ಕೊನೆಗೆ ಕಲ್ಲಾಗಿ ಬತ್ತಿಹೋಗಿತ್ತು. ಈಗ ಇನ್ನೊಂದು ಮೊಲೆ ಕೆಂಪಗೆ ಬಿಸಿಯಾಗಿ, ಹಾಲಿನಲ್ಲಿ ಗಸಿ ಬರುತ್ತಿತ್ತು. ತರಬೇತಿಗೆ ಹೋಗುವ ಬೆಳಿಗ್ಗೆ ನಲಿನಿ ಮೊದಲು ಊರಿಗೆ ಹೋಗಿ ಹಾಲು ಹಿಂಡಿಕೊಂಡಳು. ಆಮೇಲೆ ತನ್ನ ಎಂದಿನ ಸೂಜಿ ಮಾಡಿದಳು. ಮುಂದಿನ ಎರಡು ದಿನದ ಸೂಜಿಯನ್ನು ಆಸ್ಪತ್ರೆಯ ಸಹಾಯಕರಿಗೆ ಒಪ್ಪಿಸಿ ಹಾವೇರಿಯ ದಾರಿ ಹಿಡಿದಳು.

ಪಾಠ ಹೇಳಲು ಬಂದವನು ಹೇಮಂತ. ಮೂವತ್ತೈದರ ಆಸುಪಾಸಿನ ಸಂಶೋಧಕ, ಮೆತ್ತಗಿನ ದನಿ. "ಬಾವು ಕಂಡ ಕೂಡ್ಲೇ ಆಂಟಿಬಯೋಟಿಕ್ ಬ್ಯಾಡ್ರಿ," ಎಂದ. "ದನಕ್ಕ ಜ್ವರ ಇಲ್ಲ, ಮೇವು ತಿಂತೈತಿ ಅಂದ್ರ ಒಂದು ದಿನ ತಡೀರಿ. ಹಾಲು ಪರೀಕ್ಷಾ ಮಾಡ್ರಿ. ಕೆಚ್ಚಲು ಪೂರಾ ಹಿಂಡಿ ನೋವಿನ ಔಷಧ ಕೊಟ್ರ, ಹಗುರ ಬಾವು ಎಷ್ಟೋ ತಾವಾಗೇ ಇಳೀತಾವ."

ನಲಿನಿಗೆ ತಡೆಯಲಾಗಲಿಲ್ಲ. "ಇಲ್ಲಿ ಕುಂತು ಹೇಳೋದು ಸರಳ ಐತ್ರಿ. ಹಾಲಿನಾಗ ರಕ್ತ ಬರಾಕತ್ತೈತಿ ಅಂತ ಅಳಕೋತ ಬಂದ ಹೆಣ್ಮಗಳಿಗೆ 'ನಾಳಿಗಿ ಬಾರವ್ವಾ' ಅನ್ನಾಕ ಹೆಂಗಾಕ್ಕೇತಿ?"

ಸಭೆಯಲ್ಲಿ ನಗೆ ಎದ್ದಿತು. ಹೇಮಂತ ಮಾತ್ರ ನಗಲಿಲ್ಲ. "ಖರೇ ಅದ ಮೇಡಂ. ಅದು ನನಗಿಂತ ನಿಮಗ ಚಲೋ ಗೊತ್ತು. ನೀವು ತಂದ ಹಾಲಿನಾಗಿನ ರೋಗಾಣು ತಟ್ಟ್ಯಾಗ ಬೆಳೆಸಿ ಮೂರನೇ ದಿನ ನೋಡೂಣು, ಆಮ್ಯಾಲ ಮಾತಾಡೂಣು."

ಮೂರನೇ ದಿನ ಮೇಜಿನ ಮೇಲೆ ಹದಿನಾರು ಗಾಜಿನ ತಟ್ಟೆಗಳು ಸಾಲಾಗಿ ಕೂತಿದ್ದವು. ತಂದ ಹಾಲಿನಲ್ಲಿದ್ದ ರೋಗಾಣುಗಳನ್ನು ಅವುಗಳಲ್ಲಿ ಬೆಳೆಸಿ, ಒಂದೊಂದು ಔಷಧ ತೋಯಿಸಿದ ಪುಟ್ಟ ಬಿಳಿ ಬಿಲ್ಲೆಗಳನ್ನು ಇಟ್ಟಿದ್ದರು. ಔಷಧ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ತಿಳಿಯಾದ ವೃತ್ತ ಬಿದ್ದಿರುತ್ತದೆ. ತಟ್ಟೆಗಳ ಮೇಲೆ ಹೆಸರಿರಲಿಲ್ಲ, ಬರೀ ಅಂಕಿ. ನಲಿನಿಯದು ಏಳು.

ಏಳನೇ ತಟ್ಟೆಯಲ್ಲಿ ಆಕೆಯ ಎಂದಿನ ಔಷಧದ ಬಿಲ್ಲೆಗೆ ಮೈ ತಾಗಿಸಿಕೊಂಡೇ ರೋಗಾಣು ಹುಲುಸಾಗಿ ಬೆಳೆದಿತ್ತು. ಎರಡನೆಯ ಬಿಲ್ಲೆ, ಮೂರನೆಯದು, ನಾಲ್ಕನೆಯದೂ ಹಾಗೆಯೇ. ಒಂದೇ ಒಂದು ಬಿಲ್ಲೆಯ ಸುತ್ತ ಅಗಲವಾದ ವೃತ್ತವಿತ್ತು.

"ಇದ್ಯಾವ ಪುಣ್ಯಾತ್ಮರ ಕೇಸೋ!" ಎಂದು ಹಿಂದಿನಿಂದ ಯಾರೋ ನಕ್ಕರು.

"ಯಾರದಂತ ನಾ ಕೇಳಂಗಿಲ್ಲ," ಎಂದ ಹೇಮಂತ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಲಿನಿಗೆ ಆ ಹೊತ್ತಿಗೆ ಕಾಣುತ್ತಿದ್ದುದು ತಟ್ಟೆಯಲ್ಲ, ಮೂರು ದಿನದಿಂದ ಬರೀ ನೀರಿನಂಥ ಔಷಧ ಚುಚ್ಚಿಸಿಕೊಂಡು ಕಾಲು ಅಗಲಿಸಿ ನಿಂತ ಆಕಳು. ಆಕೆ ಎದ್ದು ನಿಂತಳು.

"ನಂದ್ರೀ. ಆ ಆಕಳಾ ಇನ್ನೂ ನರಳಾಕತ್ತೈತಿ. ಈಗ ಅದಕ್ಕ ಏನ್ ಮಾಡ್ಲಿ, ಹೇಳ್ರಿ."

ಹೇಮಂತ ಎಲ್ಲ ಬಿಟ್ಟು ಪಕ್ಕಕ್ಕೆ ಬಂದು ಕೂತ. ಯಾವ ಔಷಧ, ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಹಿಂಡಬೇಕು ಎಂದು ಬರೆದುಕೊಟ್ಟ. ಊಟಕ್ಕೂ ನಿಲ್ಲದೆ ನಲಿನಿ ಬಸ್ಸು ಹತ್ತಿದಳು.

ಮೂರು ಗಂಟೆಗೆ ಮೇಡ್ಲೇರಿ ಮುಟ್ಟಿದಾಗ ತಿರಕಪ್ಪನ ಹೆಂಡತಿ ನಿರ್ಮಲಾ ಆಕಳ ಕೆಚ್ಚಲಿಗೆ ತಣ್ಣೀರು ಬಟ್ಟೆ ಒತ್ತುತ್ತಿದ್ದಳು. ನಲಿನಿ ಹೊಸ ಸೂಜಿ ಕೊಟ್ಟು, ಕೈ ತೊಳೆದು, ಕಟ್ಟೆಯ ಮೇಲೆ ಕೂತಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚದುರಿಹೋಗಿದ್ದವು.

"ತಿರಕಪ್ಪಾರ, ನಾ ಇಷ್ಟ ದಿನ ಕೊಟ್ಟ ಔಷಧ ಈ ರೋಗಕ್ಕ ಹತ್ತಿಲ್ರಿ. ಹೋದ ವರ್ಷನೂ ಹತ್ತಿರಲಿಕ್ಕಿಲ್ಲ. ಆವಾಗ ಹಾಲು ಪರೀಕ್ಷಾ ಮಾಡಿಸಿದ್ರ ಆ ಮೊಲಿ ಉಳೀತಿತ್ತೋ ಏನೋ. ನಾ ಮಾಡಿಸ್ಲಿಲ್ಲ. ತಪ್ಪು ನಂದು."

ನಿರ್ಮಲಾ ಗಂಡನನ್ನು ನೋಡಿದಳು. "ಹೇಳ್ರಿ, ಅವ್ರು ಹೇಳಿದ್ರಲ್ಲ, ನೀವೂ ಹೇಳ್ರಿ," ಎಂದಳು.

ತಿರಕಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನೀವು ಐದು ದಿನ ಅಂದ್ರ ನಾ ಎರಡ ದಿನಕ್ಕ ಬಿಡ್ತಿದ್ದೆ ಅಕ್ಕಾರ. ಬಾವು ಇಳಿದ್ರ ಉಳಿದದ್ದು ಗ್ವಾಡಿ ಮಾಡದಾಗ ಇಟ್ಟು ಇನ್ನೊಂದು ದನಕ್ಕ ನಾನ ಚುಚ್ಚತಿದ್ದೆ. ನಿಮ್ಮ ಹಳೇ ಚೀಟಿ ತೋರ್ಸಿ ರಾಣೆಬೆನ್ನೂರಾಗ ಮತ್ತ ತಂದೇನಿ. ಅಕ್ಕಾರ ಕೊಟ್ಟಿದ್ದು ಅಂದ ಮ್ಯಾಲ ಚಲೋದ ಇರತೈತಿ ಅಂತ... ಅರ್ಧ ಊರಿಗಿ ನಾನ ಹೇಳಿಕೊಟ್ಟೇನಿ."

ನಲಿನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಕೈಗುಣದ ಮೇಲಿನ ನಂಬಿಕೆಯೇ ಅವನನ್ನು ಹೀಗೆ ನಡೆಸಿತ್ತು. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣು ಆ ಔಷಧಕ್ಕೇ ಪಳಗಿಬಿಡುತ್ತದೆ, ಅದಕ್ಕೇ ಐದು ದಿನ ಎಂದು ಆಕೆ ಯಾರಿಗೂ ಬಿಡಿಸಿ ಹೇಳಿರಲಿಲ್ಲ.

"ಹಂಗಾರ ಇಬ್ರೂ ಕೂಡೇ ಕೆಡಿಸೇವಿ," ಎಂದಳು. ನಿರ್ಮಲಾ ಚಹಾ ತಂದಳು. ಮೂವರೂ ಆಕಳನ್ನು ನೋಡುತ್ತಾ ಕುಡಿದರು.

ಈ ಸಲ ತಿರಕಪ್ಪ ಒಂದು ದಿನವನ್ನೂ ತಪ್ಪಿಸಲಿಲ್ಲ. ಮೂರು ತಾಸಿಗೊಮ್ಮೆ ಕೂತು ಹಿಂಡಿ, ಆ ಹಾಲನ್ನು ಡೈರಿಗೆ ಕೊಡದೆ ಗುಂಡಿಗೆ ಚೆಲ್ಲಿದ. ಆರನೇ ದಿನ ಗಸಿ ನಿಂತು ತಿಳಿ ಹಾಲು ಬಂತು. ಬತ್ತಿದ ಮೊಲೆ ಬತ್ತಿದಂತೆಯೇ ಉಳಿಯಿತು.

ಮರುವಾರ ಬೆಳಿಗ್ಗೆ ನಲಿನಿಯನ್ನು ಹಾಲಿನ ಡೈರಿಗೆ ಕರೆದೊಯ್ದವನು ತಿರಕಪ್ಪನೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಮುಂದೆ ಆಕೆ ಎಲ್ಲವನ್ನೂ ಹೇಳಿದಳು, ಹಗುರ ಬಾವಿಗೆ ಒಂದು ದಿನ ತಡೆದು ಹಾಲು ಪರೀಕ್ಷೆ ಮಾಡಿಸುವುದನ್ನೂ, ತನ್ನ ತಪ್ಪನ್ನೂ ಸೇರಿಸಿ. ತಿರಕಪ್ಪ ತನ್ನದನ್ನು ಹೇಳಿದ. ಕೆಲವರು ಮುಖ ಮುಖ ನೋಡಿಕೊಂಡರು. ಒಬ್ಬ ಹಾಲು ಅಳೆಸಿ ಹೊರಟುಹೋದ.

ಸಾಲಿನ ನಡುವಿನಿಂದ ಮುದುಕಿ ಗುಡ್ಡವ್ವ ಕೇಳಿದಳು: "ಗಬ್ಬಿದ್ದ ಎಮ್ಮಿಗೂ ಹಿಂಗ ಒಂದು ದಿನ ತಡೀಬಹುದೇನ್ರಿ?"

ನಲಿನಿ ಯೋಚಿಸಿದಳು. "ಗೊತ್ತಿಲ್ಲವ್ವಾ. ಕೇಳಿ ಹೇಳತೇನಿ."

"ನಿಮಗ ಗೊತ್ತಿಲ್ಲದ್ದೂ ಇರತೈತೇನ್ರಿ?"

"ಭಾಳ ಐತವ್ವಾ," ಎಂದು ನಕ್ಕು, ನಲಿನಿ ಅಲ್ಲೇ ನಿಂತು ಹೇಮಂತನಿಗೆ ಫೋನು ಮಾಡಿದಳು.