ಗೋವಿಂದಮ್ಮ ಬಸ್ಸು ಹತ್ತದಿದ್ದುದೇಕೆ

ಗೊಟ್ಟಿಗೆರೆಯ ಗೋವಿಂದಮ್ಮ ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಜಯನಗರದ ಮಾರ್ಕೆಟ್ಟಿಗೆ ನಡೆದೇ ಬರುತ್ತಿದ್ದಳು. ಎರಡೂವರೆ ಗಂಟೆಯ ದಾರಿ. ಬಸ್ಸು ಪಕ್ಕದಲ್ಲೇ ಹೋದರೂ ಹತ್ತುತ್ತಿರಲಿಲ್ಲ. "ಏನ್ ಗಟ್ಟಿಗಿತ್ತಿ ನೋಡು" ಎಂದು ಊರೆಲ್ಲ ಹೊಗಳುತ್ತಿತ್ತು. ಗಂಡ ಗಂಗಯ್ಯನಿಗೂ ಹೆಮ್ಮೆ.

ನಡೆಯುವ ಕಾರಣ ಅವಳಿಗೊಬ್ಬಳಿಗೇ ಗೊತ್ತಿತ್ತು. ಆರು ತಿಂಗಳ ಹಿಂದೆ, ಎಂಬತ್ತಮೂರನೇ ಇಸವಿಯ ಯುಗಾದಿ ಕಳೆದ ವಾರ, ಬನ್ನೇರುಘಟ್ಟ ರಸ್ತೆಯಲ್ಲಿ ಅವಳು ಕೂತಿದ್ದ ಸೊಪ್ಪಿನ ಟೆಂಪೊ ಮಗುಚಿತ್ತು. ಪಕ್ಕದಲ್ಲಿದ್ದ, ಜೊತೆಗೆ ಸೊಪ್ಪು ಮಾರುತ್ತಿದ್ದ ಅಣ್ಣಮ್ಮ ಉಳಿಯಲಿಲ್ಲ. ಗೋವಿಂದಮ್ಮನ ಕೈ ಮುರಿದು ಕೂಡಿಕೊಂಡಿತು. ಆದರೆ ಕಣ್ಣು ಮುಚ್ಚಿದರೆ ಟೆಂಪೊ ಮತ್ತೆ ಮಗುಚುತ್ತಿತ್ತು. ಜಜ್ಜಿದ ಕೊತ್ತಂಬರಿಯ ವಾಸನೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕೊತ್ತಂಬರಿ ಮಾರುವುದನ್ನೇ ಬಿಟ್ಟಿದ್ದಳು.

ಈಗ ಮಗಳು ಜಯಾ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು.

"ನೋವು ಬಂದ್ರೆ ಆಟೋದಲ್ಲಿ ನೀನೇ ಪಕ್ಕದಲ್ಲಿ ಕೂತ್ಕೋಬೇಕಮ್ಮ. ಅಪ್ಪ ಗಾಬರಿ ಗಿರಾಕಿ."

ಗೋವಿಂದಮ್ಮ ಹೂಂ ಎಂದಳು. ಅಂದಿನಿಂದ ಅನ್ನ ಸೇರಲಿಲ್ಲ.

ಆ ವಾರ ಕೈ ತೋರಿಸಲು ಗಂಗಯ್ಯ ಅವಳನ್ನು ಸಿದ್ದಲಿಂಗಯ್ಯನ ಬಳಿಗೆ ಬರಹೇಳಿ ತಾನು ಮೊದಲೇ ಹೋಗಿ ಕಾದಿದ್ದ. ಮುರಿದ ಕೈಗೆ ಪುತ್ತೂರು ಕಟ್ಟು ಕಟ್ಟಿದ್ದ ಮುದುಕ ಅವನು. ಕೈ ಹಿಡಿದು ನೋಡುತ್ತಿದ್ದಾಗ ಹೊರಗೆ ಲಾರಿಯ ಹಾರ್ನ್ ಕೂಗಿತು. ಅವಳ ಕೈ ಅವನ ಅಂಗೈಯಲ್ಲೇ ಎಗರಿ ತಣ್ಣಗಾಯಿತು.

"ನಡ್ಕೊಂಡೇ ಬಂದ್ಯಾ ತಾಯಿ?"

"ಹೂಂ ಸ್ವಾಮಿ."

"ಹೆದರಿಕೇನಾ?"

ಆರು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಗೋವಿಂದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಎಲ್ಲವನ್ನೂ ಹೇಳಿದಳು.

"ಮೂಳೆ ನನ್ನ ಕೆಲಸ, ಅದಾಯ್ತು," ಎಂದ ಸಿದ್ದಲಿಂಗಯ್ಯ. "ಇದು ನನ್ನ ಕಟ್ಟಿಗೆ ಸಿಗೋದಲ್ಲ ಗಂಗಯ್ಯ. ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡ್ಹೋಗು."

"ಹುಚ್ಚಾಸ್ಪತ್ರೆಗಾ? ನೆಂಟರು ಏನಂತಾರೆ? ಒಂದು ತಾಯತ ಕಟ್ಟಿಸ್ತೀನಿ ಬಿಡಿ."

"ಕೈ ಮುರಿದಾಗ ತಾಯತ ಕಟ್ಟಿಸ್ದೇ ನನ್ನ ಹತ್ರ ಯಾಕಪ್ಪ ಓಡಿ ಬಂದೆ? ಇವಳಿಗೆ ಹುಚ್ಚಿಲ್ಲ. ಕಂಡಿದ್ದು ಬಿಟ್ಟು ಹೋಗ್ತಿಲ್ಲ, ಅಷ್ಟೆ. ಕೈಕಾಲು ನೆಟ್ಟಗಾದ್ರೂ ಸ್ಟೇರಿಂಗ್ ಮುಟ್ಟಕ್ಕಾಗ್ದೇ ಕೂತ ಡ್ರೈವರ್‌ಗಳ್ನ ನಾನು ಎಷ್ಟು ಜನ ನೋಡಿಲ್ಲ."

ಗಂಗಯ್ಯ ತಾಯತದ ಮಾತು ಬಿಟ್ಟ. ಮರುದಿನ ಆಸ್ಪತ್ರೆಗೆ ಗಂಡ ಹೆಂಡತಿ ಇಬ್ಬರೂ ನಡೆದೇ ಹೋದರು.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ನಡೆದದ್ದನ್ನು ವಾರವಾರವೂ ಕೂರಿಸಿಕೊಂಡು ಕೇಳಿದರು. ಮೊದಲು ಬಸ್ ಸ್ಟಾಪಿನಲ್ಲಿ ನಿಲ್ಲು ಎಂದರು. ಆಮೇಲೆ ನಿಂತ ಬಸ್ಸಿನಲ್ಲಿ ಕೂರು, ಆಮೇಲೆ ಒಂದೇ ಒಂದು ಸ್ಟಾಪು ಹೋಗು. ಒಂದು ದಿನ ಗೋವಿಂದಮ್ಮ ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟಳು. ಮರುದಿನ ಮತ್ತೆ ಹತ್ತಿದಳು.

ಜಯಾಗೆ ನೋವು ಬಂದದ್ದು ಹಾಡುಹಗಲಲ್ಲಿ. ಆಟೋ ಬಾಗಿಲಿಗೆ ಬಂತು. ಗೋವಿಂದಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಹತ್ತಿ ಮಗಳ ತಲೆಯನ್ನು ಹೆಗಲಿಗೆ ಎಳೆದುಕೊಂಡಳು.

"ಮೆಲ್ಲಗೆ ಹೊಡಿಯಪ್ಪ," ಎಂದಳು.

"ಬೇಗ ಹೋಗಣ್ಣ, ನಮ್ಮಮ್ಮನ ಮಾತು ಕೇಳ್ಬೇಡ," ಎಂದಳು ಜಯಾ.

ಮೊಮ್ಮಗಳು ಹುಟ್ಟಿದಳು. ಈಗ ಗಂಗಯ್ಯ ಊರಿಗೆಲ್ಲ ಹೇಳಿಕೊಳ್ಳುವುದು ಹೆಂಡತಿ ಆಟೋ ಹತ್ತಿದ ಕಥೆಯನ್ನು.

ನಿಮ್ಮ ಮನೆಯಲ್ಲೂ ಅಪಘಾತದಿಂದ ಉಳಿದು ಬಂದವರಿದ್ದರೆ, ಗಾಯ ಮಾಯ್ದ ಮೇಲೂ ಒಮ್ಮೆ ಪಕ್ಕದಲ್ಲಿ ಕೂತು ಕೇಳಿ: ನಿದ್ದೆ ಬರ್ತಿದೆಯಾ? ಹೆದರಿಕೆ ಆಗ್ತಿದೆಯಾ? ತಿಂಗಳು ಕಳೆದರೂ ಅದು ಹೋಗದಿದ್ದರೆ ಮನಸ್ಸಿನ ಡಾಕ್ಟರಿಗೆ ತೋರಿಸಿ. ನಾಚಿಕೆ ಬೇಡ. ಗಾಡಿ ಹತ್ತಲು ಅವರಿಗೆ ಭಯವೇ? ಆಸ್ಪತ್ರೆಯ ತನಕ ಜೊತೆಗೆ ನೀವೂ ನಡೆಯಿರಿ.