ಗಂಗೆ ಗಾಡಿಯ ಪಂಪು

ನಾನು ಒಂದು ನೀರಿನ ಪಂಪು. ಕೊಯಮತ್ತೂರಿನ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ತೋಟಕ್ಕೆ ನೀರೆತ್ತುವ ದೊಡ್ಡ ಪಂಪಲ್ಲ. ಎರಡು ಅಂಗೈ ಜೋಡಿಸಿದರೆ ಅದರೊಳಗೆ ಕೂರುತ್ತೇನೆ. ಗಾಡಿಯ ಬ್ಯಾಟರಿಯೇ ನನಗೆ ಸಾಕು. ಹೊಟ್ಟೆಯಲ್ಲಿ ಒಂದು ರಬ್ಬರ್ ಪೊರೆ, ಮೂತಿಯಲ್ಲಿ ಕಸ ತಡೆಯುವ ಸಣ್ಣ ಜಾಲರಿ. ನಲ್ಲಿ ತಿರುಗಿಸಿದರೆ ಓಡುತ್ತೇನೆ, ಮುಚ್ಚಿದರೆ ನಿಲ್ಲುತ್ತೇನೆ. ನಾನು ಕೇಳುವುದು ಶುದ್ಧವಾದ ನೀರು ಮಾತ್ರ. ಅದೂ ಸಿಕ್ಕಿದ್ದು ಅಪರೂಪಕ್ಕೆ.

ಮೊದಲು ನನ್ನನ್ನು ಕೊಂಡವರು ಮೈಸೂರಿನ ದಂತವೈದ್ಯ ದಂಪತಿ. ಒಂದು ಟೆಂಪೋವನ್ನು ಒಳಗಿನಿಂದ ಮನೆ ಮಾಡಿಸಿದ್ದರು: ಮಂಚ, ಒಲೆ, ಸಿಂಕು, ಪುಟ್ಟ ಬಚ್ಚಲು. ಮಂಚದ ಕೆಳಗೆ ನೀರಿನ ಟ್ಯಾಂಕು, ಅದರ ಪಕ್ಕ ನಾನು. ಒಮ್ಮೆ ಗೋಕರ್ಣಕ್ಕೆ ಹೋಗಿಬಂದರು, ಫೋಟೋ ತೆಗೆದರು, ಗಾಡಿಯನ್ನು ಮೂಲೆಗೆ ನಿಲ್ಲಿಸಿದರು. ಟ್ಯಾಂಕು ಖಾಲಿ ಮಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಬೇಸಿಗೆ ಪೂರ್ತಿ ನಿಂತ ನೀರು ಲೋಳೆ ಕಟ್ಟಿತು. ಊರವರ ಹಲ್ಲು ಕೆರೆದು ತೊಳೆಯುವವರಿಗೆ ಸ್ವಂತ ಪೈಪಿನ ಪಾಚಿ ಕಾಣಲಿಲ್ಲ. ಕೊನೆಗೆ ಗಾಡಿಯನ್ನೇ ಮಾರಿದರು.

ಕೊಂಡವನು ಚಾಮರಾಜನಗರದ ಕಡೆಯ ಸಿದ್ದಪ್ಪಾಜಿ. ಮನೆಮಂದಿಯನ್ನೆಲ್ಲ ತೀರ್ಥಯಾತ್ರೆಗೆ ಕರೆದೊಯ್ಯುವುದು ಅವನ ಕಸುಬು. ಬಂದವನೇ ಟ್ಯಾಂಕಿಗೆ ಬ್ಲೀಚಿಂಗ್ ನೀರು ತುಂಬಿ, ಒಂದೊಂದೇ ನಲ್ಲಿ ತಿರುಗಿಸಿ, ಅದರ ವಾಸನೆ ಬರುವವರೆಗೆ ನನ್ನನ್ನು ಓಡಿಸಿದ. ಆಮೇಲೆ ಎಲ್ಲವನ್ನೂ ಹೊರಗೆ ಬಿಟ್ಟು ಹೊಸ ನೀರು ತುಂಬಿದ. ಜಾಲರಿ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಪ್ರತಿ ಯಾತ್ರೆಯ ನಂತರವೂ ಹೀಗೆಯೇ ಮಾಡುತ್ತಿದ್ದ. ನನಗೆ ದೂರುಗಳಿಲ್ಲದ ಕಾಲ ಅದೊಂದೇ.

ಆ ಕಾಲ ಕೆಟ್ಟದ್ದು ಕಾಶಿಯಲ್ಲಿ. ಆ ಸಲ ಗಾಡಿ ಹಿಡಿದವರು ನಂಜನಗೂಡಿನ ಅಜ್ಜಿ ಗೌರಾಜಮ್ಮನ ಮನೆಯವರು. ಅಜ್ಜಿ ಸ್ನಾನಘಟ್ಟದಿಂದ ಎರಡು ಬಿಂದಿಗೆ ಗಂಗೆ ಹೊರಿಸಿಕೊಂಡು ಬಂದು ಗಾಡಿಯ ಪಕ್ಕ ನಿಂತಳು.

"ಏ ಸಿದ್ದಪ್ಪಾಜಿ, ನೀರ್ ಉಯ್ಯೋ ಬಾಯಿ ತೆಗಿಯಪ್ಪ."

"ಅದ್ರೊಳಕ್ಯಾಕವ್ವ? ಕ್ಯಾನಲ್ಲಿ ಮಡಿಕ್ಕೊಳಿ."

"ಕ್ಯಾನಲ್ಲಿದ್ರೆ ಮೂಲೇಲಿ ಕೂತಿರ್ತದೆ. ಇದ್ರೊಳಕ್ಕೆ ಉಯ್ದ್ರೆ ಊರು ಮುಟ್ಟೋಗಂಟ ದಿನಾ ಗಂಗಾಸ್ನಾನ. ನಿನಗೂ ಪುಣ್ಯ ಕಣೋ, ಬಿಟ್ಟಿ!"

ಗಂಗೆಯ ಜೊತೆ ಮರಳು ಬಂತು, ಚೆಂಡುಹೂವಿನ ಎಸಳು ಬಂತು, ಯಾರೋ ತೇಲಿಬಿಟ್ಟ ದೀಪದ ಬತ್ತಿಯ ಚೂರೂ ಬಂತು. ಎಲ್ಲ ನನ್ನ ಜಾಲರಿಗೆ.

ಊರಿಗೆ ಮರಳಿದ ಮೇಲೆ ಸಿದ್ದಪ್ಪಾಜಿ ಎಂದಿನಂತೆ ಟ್ಯಾಂಕಿನ ಕೆಳಗಿನ ಬಿರಡೆಗೆ ಕೈ ಹಾಕಿದ. ಬಿರಡೆಯ ಕೆಳಗೆ ಚರಂಡಿಯಿತ್ತು. "ಥೂ, ಗಂಗೆನ ಚರಂಡಿಗೆ ಬುಡೋದಾ?" ಎಂದು ತನಗೇ ಹೇಳಿಕೊಂಡು ಕೈ ಹಿಂದಕ್ಕೆಳೆದ. ಗಂಗೆಗೆ ಬ್ಲೀಚಿಂಗ್ ಹಾಕುವುದಂತೂ ದೂರದ ಮಾತು. ಮೇಲಿನಿಂದ ಬೋರ್‌ವೆಲ್ ನೀರು ತುಂಬಿಸಿದ. ಒಂದು ಬೊಗಸೆ ಗಂಗೆ ಉಳಿದಿದ್ದರೂ ಮೇಲೆ ತುಂಬಿದ್ದೆಲ್ಲ ಗಂಗೆಯೇ ಎಂದು ಅವನು ನಂಬಿದ. ಸುದ್ದಿ ಹರಡಿತು. ಗಾಡಿಗೆ ಜನ ಮುಗಿಬಿದ್ದರು. ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ 'ಗಂಗೆ ಗಾಡಿ' ಎಂದು ಬರೆಸಿದ. ಆಮೇಲೆ ಟ್ಯಾಂಕು ಖಾಲಿ ಮಾಡುವ ಮಾತೇ ಇಲ್ಲ.

ವಾಸನೆ ಬಂದಾಗ ಪಚ್ಚಕರ್ಪೂರ ಹಾಕಿದ. ಜಾಲರಿ ಕಟ್ಟಿಕೊಂಡು ನನಗೆ ಉಸಿರೇ ಸಿಗದೆ ಮುಲುಗುತ್ತಿದ್ದರೆ, ಬಚ್ಚಲಿನಲ್ಲಿದ್ದವರೊಬ್ಬರು "ಕೇಳ್ರೀ, ಪಂಪು ಓಂ ಅಂತದೆ!" ಎಂದರು. ಗಾಡಿಯವರೆಲ್ಲ ಕಿವಿಗೊಟ್ಟು ಕೈಮುಗಿದರು. ನನ್ನ ಸಂಕಟಕ್ಕೆ ಸಿಕ್ಕ ಮರ್ಯಾದೆ ಅದು.

ಮಾರನೆಯ ವರ್ಷ ಗೌರಾಜಮ್ಮ ಶ್ರೀಶೈಲಕ್ಕೆ ಅದೇ ಗಾಡಿ ಬೇಕೆಂದು ಹಟ ಹಿಡಿದಳು. ದಾರಿಯಲ್ಲಿ ಒಬ್ಬೊಬ್ಬರಿಗೂ ಹೊಟ್ಟೆ ಕೆಟ್ಟಿತು. ಅಜ್ಜಿಗಂತೂ ವಾಂತಿ ಭೇದಿ ನಿಲ್ಲಲೇ ಇಲ್ಲ. ಮಗಳು ವಿಶಾಲಾಕ್ಷಿ, "ಆ ಹೋಟ್ಲು ಚಟ್ನಿನೇ ಕನಪ್ಪ, ಹುಳಿ ಹೊಡೀತಿತ್ತು" ಎಂದಳು. ಹೌದೆಂದು ಎಲ್ಲರೂ ತಲೆಯಾಡಿಸಿದರು. ಗುಣವಾಗಲೆಂದು ನನ್ನದೇ ನಲ್ಲಿಯಿಂದ ಒಂದೊಂದು ಲೋಟ ಕುಡಿದರು. ಸಂಜೆಗೆ ಅಜ್ಜಿಯನ್ನು ದಾರಿಯಲ್ಲಿ ಸಿಕ್ಕಿದ ಆಸ್ಪತ್ರೆಗೆ ಸೇರಿಸಿ ಡ್ರಿಪ್ಪು ಹಾಕಿಸಬೇಕಾಯಿತು. ಉಳಿಯುವ ಭರವಸೆಯನ್ನು ಡಾಕ್ಟರು ಕೊಡಲಿಲ್ಲ.

ವಿಶಾಲಾಕ್ಷಿ ಲೋಟ ಹಿಡಿದು ಗಾಡಿಗೆ ಓಡಿಬಂದಳು. "ಅವ್ವ ಗಂಗೆ ಕೇಳ್ತಾವ್ಳೆ, ಬಿರ್‍ರನೆ ಕೊಡು."

ಸಿದ್ದಪ್ಪಾಜಿ ನಲ್ಲಿ ತಿರುಗಿಸಿದ. ನಾನು ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ, ಪೊರೆ ಹರಿಯಿತು. ಬೇಕೆಂದೇ ನಿಂತೆ, ಅಜ್ಜಿಯನ್ನು ಉಳಿಸಿದೆ ಎಂದು ಕೊಚ್ಚಿಕೊಳ್ಳಬಹುದು. ಸುಳ್ಳಾಗುತ್ತದೆ. ರಬ್ಬರು ಹರಿಯಿತು, ಅಷ್ಟೆ.

ಅವನು ಮಂಚದ ಹಲಗೆ ಎತ್ತಿ, ಟ್ಯಾಂಕಿನ ಮುಚ್ಚಳ ಬಿಚ್ಚಿ ಕೈ ಇಳಿಬಿಟ್ಟ. ಕೈ ಹೊರಬಂದಾಗ ಮೊಣಕೈವರೆಗೆ ಹಸಿರು ಲೋಳೆ. ಬೆಳಕಿಗೆ ಹಿಡಿದು ಮೂಸಿ ನೋಡಿದ.

"ಏನ್ ನೋಡ್ತಿಯೋ? ಬಟ್ಟೇಲಿ ಸೋಸಿ ಕೊಡು. ಗಂಗೆಗೆಂಥ ಮೈಲಿಗೆ?"

"ಬ್ಯಾಡ ಕನವ್ವ." ಅವನು ಮುಚ್ಚಳ ಹಾಕಿದ. "ಚಟ್ನಿ ಅಲ್ಲ. ಅವ್ವನ್ನ ಮಲಗ್ಸಿರೋದು ಇದೇಯ. ನಾನು ಟ್ಯಾಂಕು ತೊಳೀನಿಲ್ಲ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಲೋಟ ಅವನ ಎದೆಗೆ ಬಂದು ಬಡಿಯಿತು. "ಗಂಗೆ ಅಂತ ನಮ್ಮವ್ವನಿಗೆ ಕೊಚ್ಚೆ ಕುಡಿಸ್ದ್ಯಲ್ಲೋ, ನಿನ್ ಗಾಡಿ ಬೂದಿಯಾಗ!"

ಸಿದ್ದಪ್ಪಾಜಿ ಲೋಟ ಎತ್ತಿಟ್ಟ. ಗಾಡಿಯನ್ನು ಆಸ್ಪತ್ರೆಯ ಹಿಂದಿನ ಬೇವಿನ ಮರದವರೆಗೆ ತಂದು, ಬಿರಡೆ ಬಿಚ್ಚಿದ. ಎಲ್ಲವೂ ಬುಡಕ್ಕೆ ಹರಿಯಿತು. ಚರಂಡಿ ಬೇಡವೆಂದರೆ ಮರದ ಬುಡವಿದೆ ಎಂಬುದು ಅವನಿಗೆ ಅಂದೇ ಹೊಳೆದಿದ್ದರೆ! ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಗೌರಾಜಮ್ಮ ಬದುಕಿದಳು. ಮನೆಯವರು ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋದರು.

ನಾನೀಗ ಅವನ ಹತ್ಯಾರದ ಪೆಟ್ಟಿಗೆಯಲ್ಲಿ, ತುಕ್ಕು ಹಿಡಿದ ಕ್ಲಿಪ್ಪುಗಳ ಜೊತೆ ಬಿದ್ದಿದ್ದೇನೆ. ನನ್ನ ಜಾಗದಲ್ಲಿ ಹೊಸ ಪಂಪು ಓಡುತ್ತಿದೆ. ಆಗಾಗ ಫೋನು ಬರುತ್ತದೆ.

"ಗಂಗೆ ಗಾಡಿಯವ್ರಲ್ವಾ?"

"ಈಗ ಬರೀ ನಲ್ಲಿ ನೀರು ಕನ ಬುದ್ಧಿ. ಟ್ಯಾಂಕು ಸೆಂದಾಗಿ ತೊಳ್ದು ಮಡಗಿವ್ನಿ."

ಆ ಕಡೆಯವರು ಫೋನು ಇಟ್ಟುಬಿಡುತ್ತಾರೆ. ಲೋಳೆಯ ಟ್ಯಾಂಕಿಗೆ ಸಾಲುಗಟ್ಟಿದ್ದ ಜನ ತೊಳೆದ ಟ್ಯಾಂಕಿಗೆ ಬರುವುದಿಲ್ಲ. ಇಷ್ಟು ವರ್ಷ ಮನುಷ್ಯರ ಮಂಚದ ಕೆಳಗೆ ಬಾಳಿದರೂ ಇದು ನನಗೆ ತಿಳಿಯಲಿಲ್ಲ. ಸಿದ್ದಪ್ಪಾಜಿಗೂ ತಿಳಿದಂತಿಲ್ಲ. ಅವನು ಫೋನು ಜೇಬಿಗಿಟ್ಟುಕೊಂಡು, ಯಾರೂ ಹತ್ತದ ಗಾಡಿಯ ಟ್ಯಾಂಕಿಗೆ ಬ್ಲೀಚಿಂಗ್ ಕಲಕತೊಡಗುತ್ತಾನೆ.