ಯಾರ್ನ್‌ಮುಲ್ ಬ್ಯಾಂಡಿನ ಮೊದಲ ಡ್ರಮ್ಮರ್

ಸ್ಯಾಂಡ್‌ವಿಕೆನ್ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಕೊನ್ನಿಗೆ ಒಂದು ಅಭ್ಯಾಸವಿತ್ತು. ಯಾರ್ನ್‌ಮುಲ್ ಎಂಬ ಮೆಟಲ್ ಸಂಗೀತದ ಬ್ಯಾಂಡನ್ನು ಯಾರಾದರೂ ಬಿಟ್ಟ ಸುದ್ದಿ ಬಂದರೆ ಆ ದಿನ ಬೇಕರಿಯಿಂದ ಕೇಕು ತರುತ್ತಿದ್ದ. ಹೆಂಡತಿ ಗುನಿಲ್ಲ ಡಬ್ಬಿ ನೋಡುತ್ತಲೇ ಕೇಳುತ್ತಿದ್ದಳು, "ಈ ಸಲ ಯಾರು ಹೋದ್ರು?"

ಆ ಬ್ಯಾಂಡು ಹುಟ್ಟಿದ್ದೇ ಅವನಿಂದ ಮತ್ತು ಗೆಳೆಯ ಯೆರ್ಕರನಿಂದ. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರೂ ಚರ್ಚಿನ ನೆಲಮಾಳಿಗೆಯಲ್ಲಿ, ಪಾದ್ರಿಯ ಒಪ್ಪಿಗೆ ಪಡೆದೇ, ಗೋರಿ ಮತ್ತು ಕೊಳೆತ ಹೆಣಗಳ ಕುರಿತು ಹಾಡು ಕಟ್ಟಿದ್ದರು. ಯೆರ್ಕರ್ ಹೊಟ್ಟೆಯಾಳದಿಂದ ಗುಡುಗುತ್ತಿದ್ದ, ಕೊನ್ನಿ ಡ್ರಮ್ಸ್ ಬಾರಿಸುತ್ತಿದ್ದ. ಅವರ ಕ್ಯಾಸೆಟ್ಟು ಕೈಯಿಂದ ಕೈಗೆ ದಾಟಿ ದೂರ ದೂರ ಹೋಯಿತು. ಸ್ಟಾಕ್‌ಹೋಮಿನ ಒಂದು ರೆಕಾರ್ಡಿಂಗ್ ಕಂಪನಿ ಕರೆಯಿತು. ಆದರೆ ಡ್ರಮ್ಮರ್ ನಿಧಾನ ಎಂದಿತು. ಯೆರ್ಕರ್ ಒರೆಬ್ರೂವಿನಿಂದ ಬಿರುಸಿನ ಕೈಯವನೊಬ್ಬನನ್ನು ಕರೆತಂದ.

"ಬೇಜಾರ್ ಮಾಡ್ಕೋಬೇಡ ಕಣೋ," ಎಂದ ಯೆರ್ಕರ್. "ಬ್ಯಾಂಡ್ ಮುಖ್ಯ ಅಲ್ವಾ?"

"ಹೌದಪ್ಪಾ, ಬ್ಯಾಂಡ್ ಮುಖ್ಯ," ಎಂದ ಕೊನ್ನಿ. ಅಂದಿನಿಂದ ಆ ಬ್ಯಾಂಡು ಹಾಳಾಗುವುದನ್ನು ಕಾಯುತ್ತ ಕೂತ.

ಅದು ಹಾಳಾಗಲಿಲ್ಲ. ಒರೆಬ್ರೂವಿನವನು ದೇವರ ದಾರಿ ಹಿಡಿದು ಹೋದ. ಅವನ ಜಾಗಕ್ಕೆ ಬಂದವನು ಗಿಟಾರಿನವನ ಹೆಂಡತಿಯನ್ನು ಕಟ್ಟಿಕೊಂಡು ಫಿನ್ಲೆಂಡಿಗೆ ಓಡಿದ. ಆ ದುಃಖಕ್ಕೆ ಗಿಟಾರಿನವನೂ ಬಿಟ್ಟ. ಬೇಸ್ ಗಿಟಾರ್ ಬಾರಿಸುತ್ತಿದ್ದ ಉಫ್ಫೆ ಶಿಶುವಿಹಾರದ ಮೇಷ್ಟ್ರಾದ. ಕೊನೆಗೆ ಹಳಬರಲ್ಲಿ ಯೆರ್ಕರ್ ಒಬ್ಬನೇ ಉಳಿದ. ಒಬ್ಬೊಬ್ಬರು ಹೋದಂತೆಲ್ಲ ಬ್ಯಾಂಡಿನ ಹೆಸರು ಜರ್ಮನಿ, ಜಪಾನು ಎಂದು ಹಬ್ಬುತ್ತಲೇ ಹೋಯಿತು. ಕೊನ್ನಿ ಪ್ರತಿಯೊಂದು ಆಲ್ಬಮ್ಮನ್ನೂ ಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಡ್ರಮ್ಮಿನ ತಪ್ಪುಗಳನ್ನು ಹೆಕ್ಕುತ್ತಿದ್ದ. ಒಂದು ಸಿಕ್ಕರೆ ಅಂದಿನ ಊಟ ರುಚಿಸುತ್ತಿತ್ತು.

ಆಮೇಲೆ ಉಮಿಯೋದಿಂದ ತೂವ ಎಂಬ ಹುಡುಗಿ ಬಂದಳು. ಅವಳು ಬಾರಿಸಿದ ಆಲ್ಬಮ್ಮನ್ನು ಕೊನ್ನಿ ಎಷ್ಟು ಕೇಳಿದರೂ ಒಂದು ತಪ್ಪು ಸಿಗಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು, ಹೊರಗೆ ಹೋಗಿ ಹಿಮ ಗೋರಿದ. ಗೋರುವಷ್ಟು ಹಿಮವೂ ಇರಲಿಲ್ಲ.

ಅದೇ ಹುಡುಗಿ ಆ ವಸಂತದಲ್ಲಿ ಮನೆಗೇ ಬಂದಳು. ಗುನಿಲ್ಲ ಕಾಫಿ ಕೊಟ್ಟು, ದಾಲ್ಚಿನ್ನಿ ಬನ್ ಮುಂದಿಟ್ಟಳು.

"ಹಳೇ ಕ್ಯಾಸೆಟ್ಟಿನ ಒಂದು ಹಾಡನ್ನ ಗಾವ್ಲೆ ಸಂಗೀತ ಉತ್ಸವದಲ್ಲಿ ಬಾರಿಸ್ತಿದೀವಿ," ಎಂದಳು ತೂವ. "ನಡುವೆ ತಾಳ ಮುರಿಯೋ ಒಂದು ಜಾಗ ಇದೆಯಲ್ಲ, ಅದು ನಂಗೆ ಬರ್ತಾನೇ ಇಲ್ಲ. ನಿಮ್ ಕೈಯಲ್ಲಿ ಅದ್ಹೆಂಗೆ ಬಂತು?"

ಅವಳಿಗೂ ಬಾರದ್ದೊಂದಿದೆ ಎಂದು ಕೊನ್ನಿಯ ಎದೆ ತಂಪಾಯಿತು. ಅದು ತಂಪಾಗಿಯೇ ಇರಲೆಂದು ಅವನು ಸುಳ್ಳು ಹೇಳಿದ. "ಎಡಗೈಯಿಂದ ಎತ್ಕೋಬೇಕು. ಬಲಗೈ ಬೇಕಂತ್ಲೇ ಹಿಂದೆ ಬೀಳ್ಬೇಕು. ಕಾಲು ಅದರ ಪಾಡಿಗೆ ಅದು."

ಹಾಗೆ ಯಾರೂ ಬಾರಿಸಲಾರರು. ತೂವ ಎರಡು ಚಮಚ ಹಿಡಿದು ಮೇಜಿನ ಮೇಲೆ ತಡವರಿಸಿದಳು. "ಅಬ್ಬಾ, ಎಂಥಾ ಕಷ್ಟ!" ಎಂದು ನಕ್ಕು, ಅವನ ಕೈ ಕುಲುಕಿ ಹೋದಳು.

ಗಾವ್ಲೆಗೆ ಕೊನ್ನಿ ಹೋದದ್ದು ಅವಳು ಎಡವುವುದನ್ನು ನೋಡಲಿಕ್ಕೆ. ಜೂನ್ ತಿಂಗಳ ಬಿಸಿಲು, ಮೈದಾನದ ತುಂಬ ಕಪ್ಪು ಅಂಗಿಗಳು. ಆ ಹಾಡು ಬಂತು. ತೂವ ಎಡಗೈಯಿಂದ ಎತ್ತಿಕೊಂಡಳು. ಬಲಗೈ ಹಿಂದೆ ಬಿತ್ತು, ಇನ್ನೇನು ಎಲ್ಲ ಕುಸಿಯಿತು ಎನ್ನುವಷ್ಟರಲ್ಲಿ ಕಾಲು ಬಂದು ಇಡೀ ಹಾಡನ್ನು ಮೇಲೆತ್ತಿತು. ಜನ ಹುಚ್ಚೆದ್ದು ಕೂಗಿದರು. ತಾನು ಕಟ್ಟಿದ ಹಾಡು ಇಷ್ಟು ಚೆನ್ನಾಗಿರಬಹುದೆಂದು ಕೊನ್ನಿಗೇ ಗೊತ್ತಿರಲಿಲ್ಲ. ಚಪ್ಪಾಳೆಗೆ ಎದ್ದ ಕೈಗಳನ್ನು ಜೇಬಿಗೆ ತುರುಕಿದ.

ಹಾಡು ಮುಗಿದಾಗ ಅವಳು ಮೈಕು ಎಳೆದುಕೊಂಡಳು. "ಇದನ್ನ ಕಲಿಸಿದ್ದು ಕೊನ್ನಿ. ಅಲ್ಲೇ ನಿಂತಿದಾರೆ ನೋಡಿ!"

ಜನ ತಿರುಗಿದರು. ಅವನು ಕೈ ಎತ್ತಲೇಬೇಕಾಯಿತು.

ಆಮೇಲೆ ವೇದಿಕೆಯ ಹಿಂದೆ ಯೆರ್ಕರ್ ಅವನನ್ನು ಹಿಡಿದ. ಗಡ್ಡ ಪೂರ್ತಿ ನರೆತಿತ್ತು. "ನಿನ್ ಡ್ರಮ್ಸ್ ಮುಂದೇನೇ ನಿಂತು ಹಾಡಿದವನು ನಾನು. ನೀನ್ಯಾವಾಗ ಕಣೋ ಎಡಗೈಯಿಂದ ಎತ್ಕೊಂಡಿದ್ದು?"

ಕೊನ್ನಿ ನೆಲ ನೋಡಿದ. "ಅವ್ಳು ಎಡವ್ಲಿ ಅಂತ ಹೇಳ್ದೆ."

ಯೆರ್ಕರ್ ಕೆಮ್ಮು ಬರುವವರೆಗೂ ನಕ್ಕ. ಕೆಮ್ಮು ಬೇಗ ನಿಲ್ಲಲಿಲ್ಲ.

"ಅವಳಿಗೆ ಹೇಳ್ತೀಯಾ?" ಎಂದು ಕೇಳಿದ ಕೊನ್ನಿ.

"ನಾನ್ಯಾಕೆ ಹೇಳ್ಲಿ? ನನ್ ಗಂಟಲೂ ಹೋಯ್ತು ಕಣೋ, ಡಾಕ್ಟ್ರು ಇನ್ ಸಾಕು ಅಂದಿದಾರೆ. ನನ್ ಜಾಗಕ್ಕೆ ಉಪ್ಸಾಲದವನೊಬ್ಬ ಬರ್ತಿದಾನೆ. ಹೋದ ವಾರ ಹಾಡಿ ತೋರಿಸ್ದ." ಯೆರ್ಕರ್ ಪಕ್ಕಕ್ಕೆ ಉಗಿದ. "ಏನ್ ಚೆನ್ನಾಗ್ ಹಾಡ್ತಾನೆ ಗೊತ್ತಾ, ದರಿದ್ರದವನು!"

ಈ ಮಾತು ಕೇಳಲು ಕೊನ್ನಿ ಅರ್ಧ ಆಯುಷ್ಯ ಕಾದಿದ್ದ. ಕೇಳಿದ ಮೇಲೆ ಖುಷಿಪಡಲು ನೋಡಿದ. ಆಗಲಿಲ್ಲ.

"ಬಾ, ಏನಾದ್ರೂ ತಿನ್ನೋಣ," ಎಂದ.

ಇಬ್ಬರೂ ಸಾಸೇಜಿನ ಅಂಗಡಿಯ ಸಾಲಿನಲ್ಲಿ ನಿಂತರು. ಮೈದಾನದಲ್ಲಿ ಜನ ಇನ್ನೂ "ತೂವ! ತೂವ!" ಎಂದು ಕೂಗುತ್ತಲೇ ಇದ್ದರು. ಇಬ್ಬರಲ್ಲಿ ಒಬ್ಬರೂ ಆ ಕಡೆ ತಿರುಗಲಿಲ್ಲ.